ಎರಡು ಬೇರೆ ಬೇರೆ ರೇಡಿಯಂಟ್ ಪೊಕೆಮಾನ್ ಒಂದೇ ಡೆಕ್‌ನಲ್ಲಿ ಹಾಕಬಹುದೇ? (ಪರಿಹಾರ ಸಿಕ್ಕಿದೆ)

ಡೊಂಬಿವಲಿ_ಭಾನುವಾರ:

ಎಲ್ಲರಿಗೂ ನಮಸ್ಕಾರ. ನಮ್ಮ ಸೊಸೈಟಿಯ ಮಕ್ಕಳು ಭಾನುವಾರ ಸಂಜೆ ಕೆಳಗಿನ ಹಾಲ್‌ನಲ್ಲಿ ಪೊಕೆಮಾನ್ ಕಾರ್ಡ್ ಆಡುತ್ತಾರೆ. ಆಟ ನೋಡಿಕೊಳ್ಳುವವನು ನಾನು. ಅಣ್ಣ ಅಕ್ಕಂದಿರ ಹಳೆಯ ಕಾರ್ಡ್‌ಗಳೂ ಮಕ್ಕಳ ಹತ್ತಿರ ಇವೆ. ಅದಕ್ಕೇ ಹಳೆಯ ಸೆಟ್‌ಗಳ ಕಾರ್ಡ್‌ಗಳಿಗೂ ಅವಕಾಶ ಇರುವ ಎಕ್ಸ್‌ಪ್ಯಾಂಡೆಡ್ ನಿಯಮ ಇಟ್ಟುಕೊಂಡಿದ್ದೇವೆ.

ಈ ವಾರ ಒಬ್ಬ ಹುಡುಗಿ ಚಾರಿಜಾರ್ಡ್ ಇಎಕ್ಸ್ ಅನ್ನುವ ಬಲವಾದ ಕಾರ್ಡ್ ಮುಖ್ಯವಾಗಿರುವ ಡೆಕ್ (ಆಟಕ್ಕೆ ತರುವ ಕಾರ್ಡ್‌ಗಳ ಗುಂಪು) ತಂದಳು. ಅದರಲ್ಲಿ ಹೆಸರಿನಲ್ಲೇ 'ರೇಡಿಯಂಟ್' ಅಂತ ಇರುವ ವಿಶೇಷ ಕಾರ್ಡ್ ಎರಡು: ರೇಡಿಯಂಟ್ ಚಾರಿಜಾರ್ಡ್ ಒಂದು, ರೇಡಿಯಂಟ್ ಗ್ರೆನಿಂಜಾ ಒಂದು. ಎದುರು ಕೂತ ಹುಡುಗ ಇದು ನಡೆಯಲ್ಲ ಅಂದ. ಹೆಸರು ಬೇರೆ ಇದೆಯಲ್ಲ, ಒಂದೊಂದೇ ಹಾಕಿದ್ದೇನೆ ಅಂತ ಅವಳ ವಾದ. ತನ್ನ ಅಣ್ಣನ ಪ್ರಿಸಂ ಸ್ಟಾರ್ (ಇನ್ನೊಂದು ವಿಶೇಷ ಜಾತಿ) ಕಾರ್ಡ್‌ಗಳು ಹಾಗೇ ನಡೆಯುತ್ತವೆ ಅಂತ ತೋರಿಸಿದಳು ಕೂಡ. ಆಟ ಅಲ್ಲೇ ನಿಂತಿತು. ಇಬ್ಬರಿಗೂ ಮುಂದಿನ ವಾರ ಉತ್ತರ ಹೇಳುತ್ತೇನೆ ಅಂದಿದ್ದೇನೆ.

ಇನ್ನೊಂದು ಅನುಮಾನ. 3 ಚಾರಿಜಾರ್ಡ್ ಇಎಕ್ಸ್ ಇರುವಾಗ ರೇಡಿಯಂಟ್ ಚಾರಿಜಾರ್ಡ್ ಕೂಡ ಒಂದೇ ಹೆಸರಿಗೆ ನಾಲ್ಕು ಅನ್ನುವ ಅದೇ ಲೆಕ್ಕಕ್ಕೆ ಸೇರುತ್ತದೆಯೇ?

ಡೆಕ್‌ನ ಟ್ರೇನರ್ (ಆಟಕ್ಕೆ ನೆರವಾಗುವ) ಕಾರ್ಡ್‌ಗಳಲ್ಲಿ ಮುಖ್ಯವಾದವು: ಪ್ರೈಮ್ ಕ್ಯಾಚರ್ 1, ಕಂಪ್ಯೂಟರ್ ಸರ್ಚ್ 1, ಬಾಸಸ್ ಆರ್ಡರ್ಸ್ (ಜಿಯೊವಾನಿ ಚಿತ್ರ) 3, ಬಾಸಸ್ ಆರ್ಡರ್ಸ್ (ಗೆಟ್ಸಿಸ್ ಚಿತ್ರ) 2, ಅಲ್ಟ್ರಾ ಬಾಲ್ 4, ರೇರ್ ಕ್ಯಾಂಡಿ 2. ಪಿಜಿಯಾಟ್ ಇಎಕ್ಸ್ ಕೂಡ 2 ಇದೆ.

ಮಾಟುಂಗಾ_60:

ಅಣ್ಣಾ, ಹುಡುಗ ಹೇಳಿದ್ದು ಸರಿ. ಆದರೆ ಹುಡುಗಿಯ ವಾದಕ್ಕೂ ಕಾರಣ ಇದೆ. ಪ್ರಿಸಂ ಸ್ಟಾರ್ ನೋಡಿ ಕಲಿತವರಿಗೆ ಹಾಗೇ ಅನ್ನಿಸುತ್ತದೆ.

ಸಾಮಾನ್ಯ ನಿಯಮ ಎಲ್ಲರಿಗೂ ಗೊತ್ತು. 60 ಕಾರ್ಡ್, ಒಂದೇ ಹೆಸರಿನವು 4ರವರೆಗೆ, ದಾಳಿಗೆ ಶಕ್ತಿ ಕೊಡುವ ಬೇಸಿಕ್ ಎನರ್ಜಿ ಕಾರ್ಡ್‌ಗೆ ಮಾತ್ರ ಮಿತಿ ಇಲ್ಲ. ಇದರ ಮೇಲೆ ಮೂರು ಜಾತಿಯ ಕಾರ್ಡ್‌ಗಳಿಗೆ ಬೇರೆ ಕಟ್ಟು ಇದೆ. ಮೂರೂ ಒಂದೇ ಥರ ಅಲ್ಲ. ಗಲಾಟೆ ಆಗುವುದು ಇಲ್ಲೇ.

2018ರಲ್ಲಿ ಅಲ್ಟ್ರಾ ಪ್ರಿಸಂ ಸೆಟ್‌ನಲ್ಲಿ ಪ್ರಿಸಂ ಸ್ಟಾರ್ ಬಂತು. ಹೆಸರಿನ ಪಕ್ಕ ವಜ್ರದ ಆಕಾರದ ಗುರುತು ಇರುತ್ತದೆ. ಅದರ ಮಿತಿ ಹೆಸರಿಗೆ ಒಂದು. ಡಿಟೊ ಪ್ರಿಸಂ ಸ್ಟಾರ್ ಒಂದು, ಸೈರಸ್ ಪ್ರಿಸಂ ಸ್ಟಾರ್ ಒಂದು, ಸೂಪರ್ ಬೂಸ್ಟ್ ಎನರ್ಜಿ ಪ್ರಿಸಂ ಸ್ಟಾರ್ ಒಂದು, ಹೀಗೆ ಎಷ್ಟು ಹೆಸರಾದರೂ ಸೇರಿಸಬಹುದು. ಆ ಗುರುತೂ ಹೆಸರಿನ ಭಾಗ. ಆದ್ದರಿಂದ ಮಾಮೂಲಿ ಡಿಟೊ ನಾಲ್ಕು ಬೇರೆಯಾಗಿ ಇದ್ದರೂ ತಪ್ಪಲ್ಲ.

ರೇಡಿಯಂಟ್ ಹಾಗಲ್ಲ. 2022ರ ಆಸ್ಟ್ರಲ್ ರೇಡಿಯನ್ಸ್ ಸೆಟ್‌ನಿಂದ ಶುರುವಾದವು ಇವು. ಇಡೀ ಡೆಕ್‌ಗೆ ಒಂದೇ ರೇಡಿಯಂಟ್, ಹೆಸರು ಯಾವುದಾದರೂ ಆಗಲಿ. ಗ್ರೆನಿಂಜಾ ಹಾಕಿದರೆ ಚಾರಿಜಾರ್ಡ್ ಇಲ್ಲ, ಚಾರಿಜಾರ್ಡ್ ಹಾಕಿದರೆ ಗ್ರೆನಿಂಜಾ ಇಲ್ಲ. ಕಾರ್ಡ್‌ನ ಕೆಳಗಿನ ಚಿಕ್ಕ ಪೆಟ್ಟಿಗೆಯಲ್ಲೇ ಈ ಸಾಲು ಅಚ್ಚಾಗಿದೆ. ಮಕ್ಕಳಿಗೆ ಅದನ್ನೇ ಓದಿಸಿ. ಪ್ರಿಸಂ ಸ್ಟಾರ್‌ನಲ್ಲಿ 'ಅದೇ ಹೆಸರಿನ' ಅನ್ನುವ ಅರ್ಥದ ಮಾತು ಇದೆ, ರೇಡಿಯಂಟ್‌ನಲ್ಲಿ ಇಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಜಗಳ ಎರಡು ನಿಮಿಷದಲ್ಲಿ ಮುಗಿಯುತ್ತದೆ.

ಏಸ್ ಸ್ಪೆಕ್ ಅನ್ನುವ ಇನ್ನೊಂದು ಜಾತಿಯೂ ರೇಡಿಯಂಟ್ ಥರವೇ, ಡೆಕ್‌ಗೆ ಒಂದು. ನಿಮ್ಮ ಪಟ್ಟಿಯ ಎರಡನೆಯ ತೊಂದರೆ ಇದು. ಕಂಪ್ಯೂಟರ್ ಸರ್ಚ್ 2012ರ ಬೌಂಡರೀಸ್ ಕ್ರಾಸ್ಡ್ ಸೆಟ್‌ನ ಏಸ್ ಸ್ಪೆಕ್. ಪ್ರೈಮ್ ಕ್ಯಾಚರ್ 2024ರ ಟೆಂಪೊರಲ್ ಫೋರ್ಸಸ್ ಸೆಟ್‌ನದು. 2013ರ ನಂತರ ಸುಮಾರು ಹತ್ತು ವರ್ಷ ಈ ಜಾತಿಯ ಹೊಸ ಕಾರ್ಡ್ ಬರಲಿಲ್ಲ, ರೂಪವೂ ಬದಲಾಗಿದೆ. ಆದರೂ ಎರಡಕ್ಕೂ ಒಂದೇ ಕಟ್ಟು. ಒಂದನ್ನು ತೆಗೆಯಲೇಬೇಕು.

ಮೂರನೆಯ ತೊಂದರೆ ಬಾಸಸ್ ಆರ್ಡರ್ಸ್. ಕೆಳಗೆ ಜಿಯೊವಾನಿ, ಸೈರಸ್, ಗೆಟ್ಸಿಸ್ ಅಂತ ಯಾರ ಹೆಸರಿದ್ದರೂ ಕಾರ್ಡ್‌ನ ಹೆಸರು ಬಾಸಸ್ ಆರ್ಡರ್ಸ್ ಒಂದೇ. ನಿಮ್ಮಲ್ಲಿ 3 ಮತ್ತು 2 ಸೇರಿ 5 ಆಗಿದೆ. ಪ್ರೊಫೆಸರ್ಸ್ ರಿಸರ್ಚ್ ಇದ್ದರೆ ಅದನ್ನೂ ಹೀಗೇ ಎಣಿಸಿ.

ಚಾರಿಜಾರ್ಡ್ ಅನುಮಾನಕ್ಕೆ ಉತ್ತರ: ಸೇರುವುದಿಲ್ಲ. ಚಾರಿಜಾರ್ಡ್, ಚಾರಿಜಾರ್ಡ್ ಇಎಕ್ಸ್, ರೇಡಿಯಂಟ್ ಚಾರಿಜಾರ್ಡ್ ಮೂರೂ ಬೇರೆ ಹೆಸರು. ಆದರೆ ಚಿತ್ರ, ದಾಳಿ ಬೇರೆ ಇರುವ ಚಾರ್ಮಾಂಡರ್‌ಗಳೆಲ್ಲ ಒಂದೇ ಹೆಸರು. ಅವು ಒಟ್ಟು ನಾಲ್ಕೇ.

ಪುಣೆ_ಮನಾ:

ಮಧ್ಯೆ ಬಂದೆ, ಕ್ಷಮಿಸಿ. ನಿಮ್ಮ ಗುಂಪಿನಲ್ಲಿ ಮ್ಯಾಜಿಕ್ (ಇನ್ನೊಂದು ಕಾರ್ಡ್ ಆಟ) ಆಡುವವರಿದ್ದರೆ ಅಲ್ಲಿನ ಲೆಜೆಂಡರಿ ಅನ್ನುವ ವಿಶೇಷ ಕಾರ್ಡ್‌ಗಳ ನಿಯಮವನ್ನು ಇಲ್ಲಿಗೆ ತರಬೇಡಿ. ಮ್ಯಾಜಿಕ್‌ನ ಮಾಮೂಲಿ 60 ಕಾರ್ಡ್ ಆಟದಲ್ಲಿ ಒಂದೇ ಲೆಜೆಂಡರಿ 4 ಇಡಬಹುದು. ಕಟ್ಟು ಇರುವುದು ಮೇಜಿನ ಮೇಲೆ. ಒಬ್ಬರ ಕಡೆ ಅದೇ ಹೆಸರಿನ ಎರಡು ಬಂದರೆ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಗ್ರೇವ್‌ಯಾರ್ಡ್‌ಗೆ ಹಾಕಬೇಕು. ಎದುರಾಳಿ ಹತ್ತಿರ ಅದೇ ಕಾರ್ಡ್ ಇದ್ದರೆ ಪರವಾಗಿಲ್ಲ, 2013ರಿಂದ ಹೀಗೇ. ಪೊಕೆಮಾನ್‌ನಲ್ಲಿ ಈ ಕಟ್ಟು ಡೆಕ್ ಕಟ್ಟುವಾಗಲೇ ಬರುತ್ತದೆ.

ಡೊಂಬಿವಲಿ_ಭಾನುವಾರ:

ಇಬ್ಬರಿಗೂ ತುಂಬಾ ಧನ್ಯವಾದ. ಬಾಸಸ್ ಆರ್ಡರ್ಸ್ ಬಗ್ಗೆ ನಮ್ಮಲ್ಲಿ ಯಾರೂ ಕೇಳಿಯೇ ಇರಲಿಲ್ಲ. ಈಗ ಹುಡುಗಿಯ ಪ್ರಶ್ನೆ: ಯಾವುದನ್ನು ಉಳಿಸಿಕೊಳ್ಳಲಿ? ಅವಳಿಗೆ ಗ್ರೆನಿಂಜಾ ಇಷ್ಟ. ಒಂದೇ ಇದ್ದರೆ ಅದು ಪ್ರೈಜ್‌ಗೆ (ಆಟದ ಶುರುವಿನಲ್ಲಿ ಬೋರಲಾಗಿ ಪಕ್ಕಕ್ಕಿಟ್ಟು, ಎದುರಾಳಿಯ ಪೊಕೆಮಾನ್ ಸೋಲಿಸಿದಾಗ ತೆಗೆಯುವ ಕಾರ್ಡ್‌ಗಳಿಗೆ) ಹೋಗಿಬಿಟ್ಟರೆ ಅನ್ನುವ ಭಯವೂ ಇದೆ.

ಮಾಟುಂಗಾ_60:

ಭಯ ಸುಮ್ನೆ ಅಲ್ಲ. 60ರಲ್ಲಿ 6 ಕಾರ್ಡ್ ಪ್ರೈಜ್ ಆಗುತ್ತವೆ. ಅಂದರೆ ಒಂಟಿ ಕಾರ್ಡ್ ಅಲ್ಲಿ ಸಿಕ್ಕಿಬೀಳುವ ಸಾಧ್ಯತೆ ಶೇ 10. ಎರಡು ಪ್ರತಿ ಇದ್ದರೆ ಎರಡೂ ಹೋಗುವುದು ಶೇ 1ಕ್ಕಿಂತ ಕಡಿಮೆ. ಒಂದೇ ಇಡಬೇಕಾದ ಕಾರ್ಡ್‌ನ ಮೇಲೆ ಇಡೀ ಆಟ ನಿಲ್ಲಿಸಬಾರದು. ಮೊದಲ ಸಲ ಅಲ್ಟ್ರಾ ಬಾಲ್ ಹಾಕಿ ಡೆಕ್ ನೋಡುವಾಗಲೇ ರೇಡಿಯಂಟ್ ಇದೆಯಾ, ಏಸ್ ಸ್ಪೆಕ್ ಇದೆಯಾ ಅಂತ ಹುಡುಕುವ ಅಭ್ಯಾಸ ಮಾಡಿಸಿ. ಡೆಕ್‌ನಲ್ಲೂ ಇಲ್ಲ, ಕೈಯಲ್ಲೂ ಇಲ್ಲ ಅಂದರೆ ಪ್ರೈಜ್‌ನಲ್ಲಿದೆ. ರೇಡಿಯಂಟ್ ಎಲ್ಲವೂ ಬೇಸಿಕ್ (ವಿಕಾಸವಿಲ್ಲದೆ ನೇರವಾಗಿ ಇಳಿಸಬಹುದಾದ) ಪೊಕೆಮಾನ್. ಹಾಗಾಗಿ ಹಿಸುಯಿಯನ್ ಹೆವಿ ಬಾಲ್ ಅನ್ನುವ ಟ್ರೇನರ್ ಕಾರ್ಡ್ ಬಳಸಿ ಪ್ರೈಜ್‌ನಿಂದಲೂ ತೆಗೆಯಬಹುದು. ಏಸ್ ಸ್ಪೆಕ್‌ಗೆ ಆ ದಾರಿ ಇಲ್ಲ.

ಯಾವುದು ಉಳಿಯಲಿ ಅಂದರೆ, ಈ ಡೆಕ್‌ಗೆ ನಾನು ರೇಡಿಯಂಟ್ ಚಾರಿಜಾರ್ಡ್ ಅನ್ನುತ್ತೇನೆ. ಗ್ರೆನಿಂಜಾ ಒಳ್ಳೆಯದೇ. ಕೈಯಲ್ಲಿರುವ ಒಂದು ಎನರ್ಜಿ ಬಿಸಾಕಿದರೆ ಎರಡು ಕಾರ್ಡ್ ಸಿಗುತ್ತದೆ. ಆದರೆ ಚಾರಿಜಾರ್ಡ್ ಇಎಕ್ಸ್ ಕೈಯಿಂದ ಬಂದು ವಿಕಾಸವಾದಾಗ ಡೆಕ್‌ನಿಂದ 3 ಬೇಸಿಕ್ ಫೈರ್ ಎನರ್ಜಿ ಹುಡುಕಿ ಹಚ್ಚುತ್ತದೆ. ಈ ಡೆಕ್‌ನಲ್ಲಿ ಎನರ್ಜಿಯನ್ನು ಬಿಸಾಕಲು ಮನಸ್ಸಾಗುವುದಿಲ್ಲ. ಕಾರ್ಡ್ ಹುಡುಕಲು ಪಿಜಿಯಾಟ್ ಇಎಕ್ಸ್ ಇದ್ದೇ ಇದೆ, ಪ್ರತಿ ಸರದಿಯಲ್ಲಿ ಬೇಕಾದ ಒಂದು ಕಾರ್ಡ್ ಕೊಡುತ್ತದೆ.

ರೇಡಿಯಂಟ್ ಚಾರಿಜಾರ್ಡ್‌ನ ಬಲ ಆಟದ ಕೊನೆಗೆ. ಎದುರಾಳಿ ತೆಗೆದ ಒಂದೊಂದು ಪ್ರೈಜ್‌ಗೂ ಅದರ ದಾಳಿಗೆ ಬೇಕಾದ ಎನರ್ಜಿ ಒಂದೊಂದು ಕಡಿಮೆಯಾಗುತ್ತದೆ. ಅವರು 4 ಪ್ರೈಜ್ ತೆಗೆದಿದ್ದರೆ ಒಂದೇ ಫೈರ್ ಎನರ್ಜಿಯಲ್ಲಿ 250 ಪೆಟ್ಟು! ಅದು ಸತ್ತರೆ ಎದುರಾಳಿಗೆ ಸಿಗುವುದು ಒಂದೇ ಪ್ರೈಜ್. ಇಎಕ್ಸ್ ಸತ್ತರೆ ಎರಡು. ಸೋಲುತ್ತಿರುವ ಮಗು ತಿರುಗಿ ಬೀಳಲು ಇಷ್ಟು ಚೆನ್ನಾಗಿ ನೆರವಾಗುವ ಕಾರ್ಡ್ ಕಡಿಮೆ. ನನಗಂತೂ ತುಂಬಾ ಪ್ರೀತಿಯ ಕಾರ್ಡ್. ಒಂದೇ ಎಚ್ಚರಿಕೆ: ಆ ದಾಳಿ ಮಾಡಿದ ಮರುಸರದಿಯಲ್ಲಿ ಅದೇ ದಾಳಿ ಮತ್ತೆ ಮಾಡುವಂತಿಲ್ಲ.

ಏಸ್ ಸ್ಪೆಕ್‌ನಲ್ಲಿ ಪ್ರೈಮ್ ಕ್ಯಾಚರ್ ಇರಲಿ. ಕಂಪ್ಯೂಟರ್ ಸರ್ಚ್‌ನ ಹುಡುಕುವ ಕೆಲಸ ಪಿಜಿಯಾಟ್ ಮಾಡುತ್ತದಲ್ವಾ. ಪ್ರೈಮ್ ಕ್ಯಾಚರ್ ಐಟಂ (ಸರದಿಗೆ ಎಷ್ಟಾದರೂ ಆಡಬಹುದಾದ ಜಾತಿ) ಆದ್ದರಿಂದ ಆ ಸರದಿಯ ಸಪೋರ್ಟರ್ (ಬಾಸಸ್ ಆರ್ಡರ್ಸ್ ಥರ ಸರದಿಗೆ ಒಂದೇ ಆಡಬಹುದಾದ ಜಾತಿ) ಬೇರೆ ಉಳಿಯುತ್ತದೆ. ಬಾಸಸ್ ಆರ್ಡರ್ಸ್ ಐದನೆಯದು ತೆಗೆಯಿರಿ. ಖಾಲಿಯಾಗುವುದು ಮೂರು ಜಾಗ. ಅದರಲ್ಲಿ ಎರಡಕ್ಕೆ ರೇರ್ ಕ್ಯಾಂಡಿ (ವಿಕಾಸದ ನಡುವಿನ ಹಂತ ದಾಟಿಸುವ ಕಾರ್ಡ್) ಹಾಕಿ 4 ಮಾಡಿ. ಸ್ಟೇಜ್ 2 (ಎರಡು ಹಂತ ವಿಕಾಸವಾದ) ಪೊಕೆಮಾನ್ ಎರಡು ಜಾತಿ ಇಟ್ಟುಕೊಂಡು 2 ಕ್ಯಾಂಡಿ ಸಾಲದು.

ಡೊಂಬಿವಲಿ_ಭಾನುವಾರ:

ಮೂರನೆಯ ಜಾಗಕ್ಕೆ ಹೆವಿ ಬಾಲ್ ಹಾಕುತ್ತಾಳಂತೆ. ಸ್ಟೇಷನ್ ಹೊರಗೆ ಮಾರುವ ಚಿನ್ನದ ಬಣ್ಣದ ಕಾರ್ಡ್‌ಗಳಲ್ಲೂ ರೇಡಿಯಂಟ್ ಇದೆ ಅಂತ ಇನ್ನೊಬ್ಬ ತಂದಿದ್ದಾನೆ. ಅದು ನಡೆಯುತ್ತದೆಯೇ?

ಮಾಟುಂಗಾ_60:

ಅವು ನಕಲಿ, ಅಧಿಕೃತ ಆಟದಲ್ಲಿ ನಡೆಯುವುದಿಲ್ಲ. ಮನೆ ಆಟಕ್ಕೆ ಬೇಕಾದರೆ ನಿಮ್ಮ ಇಷ್ಟ. ಮಗು ಆಸೆಪಟ್ಟು ಕೊಂಡಿರುತ್ತದೆ, ಮೆತ್ತಗೆ ಹೇಳಿ.

ಮುಂದೆ ಯಾವಾಗಲಾದರೂ ಸ್ಟ್ಯಾಂಡರ್ಡ್ (ಇತ್ತೀಚಿನ ಕಾರ್ಡ್ ಮಾತ್ರ ನಡೆಯುವ ನಿಯಮ) ಆಡಿಸುವುದಾದರೆ ನೆನಪಿರಲಿ: ರೇಡಿಯಂಟ್ ಕಾರ್ಡ್‌ಗಳ ಮೂಲೆಯಲ್ಲಿ ಎಫ್ ಅಕ್ಷರ ಇದೆ, ಅವು 2025ರ ಏಪ್ರಿಲ್‌ನಲ್ಲಿ ಸ್ಟ್ಯಾಂಡರ್ಡ್‌ನಿಂದ ಹೊರಗೆ ಹೋದವು. ಹೆವಿ ಬಾಲ್ ಕೂಡ. ಡೆಕ್ ಪಟ್ಟಿ ಬರೆಸುವಾಗ ಪೊಕೆಮಾನ್‌ಗಳ ಹೆಸರಿನ ಜೊತೆ ಸೆಟ್ ಮತ್ತು ಕಾರ್ಡ್ ನಂಬರ್ ಬರೆಸಿ, ಟ್ರೇನರ್‌ಗೆ ಹೆಸರು ಸಾಕು. ಬಾಸಸ್ ಆರ್ಡರ್ಸ್ ಒಂದೇ ಸಾಲಿನಲ್ಲಿ ಬರಲಿ, ಆಗ ಐದು ಆದರೆ ತಕ್ಷಣ ಕಣ್ಣಿಗೆ ಬೀಳುತ್ತದೆ.