ಏರಿಯಲ್, ಆಂಟೆನಾ, ಕಡ್ಡಿ: ನಾಳೆ ಹತ್ತರೊಳಗೆ ಬೋರ್ಡಿಗೆ ಒಂದು ಪದ ಬೇಕು

ಬೆಂಗಳೂರಿನಿಂದ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರ. ಜೆ.ಸಿ. ರಸ್ತೆಯಲ್ಲಿ ನಮ್ಮ ಭಾವನವರದು ಕಾರಿನ ಬಿಡಿಭಾಗಗಳ ಅಂಗಡಿ. ಬೋರ್ಡಿನಲ್ಲಿ ಶೇ. 60 ಕನ್ನಡ ಇರಲೇಬೇಕೆಂದು 2024ರಲ್ಲಿ ಕಾಯ್ದೆ ತಿದ್ದುಪಡಿಯಾದ ಮೇಲೆ ದೊಡ್ಡ ಬೋರ್ಡು ಸರಿಯಾಯಿತು, ಬಾಗಿಲ ಪಕ್ಕದ ಚಿಕ್ಕದು ಉಳಿದಿತ್ತು. ಬರೆಯುವವರು ನಾಳೆ ಬೆಳಿಗ್ಗೆ 10ಕ್ಕೆ ಬರುತ್ತಾರೆ. ಸಾಲು ಇಷ್ಟೇ: "ಹಳೇ ಕಾರುಗಳ ರೇಡಿಯೋ ........ ಬದಲಿಸಿ ಕೊಡುತ್ತೇವೆ." ಪದ್ಮಿನಿ, ಅಂಬಾಸಡರ್, ಮಾರುತಿ 800 ಇಟ್ಟುಕೊಂಡವರು ಈಗಲೂ ಇದಕ್ಕೆಂದೇ ಬರುತ್ತಾರೆ.

ಡಬ್ಬಿಯೊಳಗೆ ಹಾಕಿ ಕೊಡಲು ಒಂದು ಹಾಳೆಯನ್ನೂ ಬರೆದಿದ್ದೇನೆ:

"ಹಳೆಯದನ್ನು ಎಳೆದು ತೆಗೆಯುವ ಮುಂಚೆ ಅದರ ವೈರಿನ ತುದಿಗೆ ಗಟ್ಟಿ ದಾರ ಕಟ್ಟಿ. ವೈರು ಹೊರಬಂದಾಗ ದಾರ ಆ ಜಾಡಿನಲ್ಲೇ ಉಳಿದಿರುತ್ತದೆ. ಹೊಸ ವೈರನ್ನು ಅದಕ್ಕೆ ಕಟ್ಟಿ ಒಳಕ್ಕೆಳೆದುಕೊಳ್ಳಿ. ಬುಡ ಕೂರುವ ತೂತಿನ ಸುತ್ತ, ತಗಡಿನ ಒಳಮಗ್ಗುಲಲ್ಲಿ, ಬಣ್ಣ ಮತ್ತು ತುಕ್ಕು ಉಜ್ಜಿ ತೆಗೆಯಿರಿ. ಹೊಳೆಯುವ ಲೋಹ ಕಾಣಬೇಕು. ನಟ್ಟು ಬಿಗಿ ಮಾಡಿ. ಗ್ರಹಣ ಸುಧಾರಿಸುತ್ತದೆ."

ಎರಡು ತೊಡಕು. ಒಂದು, ಆ ಖಾಲಿ ಜಾಗ. ಆಂಟೆನಾ ಎಂದರೆ ಆಂಟೆನಾಗೆ ಅನ್ನಬೇಕೋ ಆಂಟೆನಾಕ್ಕೆ ಅನ್ನಬೇಕೋ ಎಂದು ಪ್ರತಿ ಸಾಲಿನಲ್ಲೂ ಎಡವುತ್ತೇನೆ. ಇನ್ನೊಂದು, 'ಗ್ರಹಣ'. ಭಾವ ಓದಿ, "ನಮ್ಮ ಗಿರಾಕಿಗಳು ಸ್ನಾನ ಮಾಡಿ ಬರ್ತಾರೆ ಅಷ್ಟೇ" ಅಂದರು.

ಮೈಸೂರಿನಿಂದ

ತರಂಗಗ್ರಾಹಿ. ಯೋಚಿಸುವಂಥದ್ದೇನಿಲ್ಲ. 'ತರಂಗಗ್ರಾಹಕ' ಮಾತ್ರ ಬೇಡ, ಗ್ರಾಹಕ ಎಂದರೆ ಈಗ ಗಿರಾಕಿ. ಅಂಗಡಿಯ ಬೋರ್ಡಿನಲ್ಲಿ 'ಗ್ರಾಹಕ ಬದಲಿಸಿ ಕೊಡುತ್ತೇವೆ' ಎಂದಿದ್ದರೆ ಹೇಗಿರುತ್ತದೆ ನೋಡಿ.

ಹೊಸ ಪದವೆಂದು ಹಿಂಜರಿಯಬೇಡಿ. 1935ರಲ್ಲಿ ಇದೇ ಊರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪ್ರಸಾರ ಶುರು ಮಾಡಿದಾಗ ಅದಕ್ಕಿದ್ದ ಹೆಸರು 'ಆಕಾಶವಾಣಿ'. ಆಮೇಲೆ ಇಡೀ ದೇಶದ ರೇಡಿಯೋ ಆ ಹೆಸರನ್ನು ಎತ್ತಿಕೊಂಡಿತು.

ಶಿವಮೊಗ್ಗದಿಂದ

ಮೇಶ್ಟ್ರೇ, ಇಂಗ್ಲಿಶಿನಿಂದ ತಂದರೆ ಎರವಲು, ಸಂಸ್ಕ್ರುತದಿಂದ ತಂದರೆ ಮನೆಯದು, ಅಲ್ಲವೇ? ತರಂಗಗ್ರಾಹಿಯಲ್ಲಿ ಕನ್ನಡದ್ದೆನ್ನುವುದು ಒಂದು ತುಣುಕೂ ಇಲ್ಲ.

ರೇಡಿಯೋಗೆ 'ಬಾನುಲಿ' ಇದೆ. ತಮಿಳರ 'ವಾನೊಲಿ' ಅದರ ಒಡಹುಟ್ಟು. ಅವರ ವಾನ್ ನಮ್ಮ ಬಾನ್, ಅವರ ಒಲಿ ನಮ್ಮ ಉಲಿ. ಅವರು ನಾಚಿಕೆಯಿಲ್ಲದೆ ಬಳಸುತ್ತಾರೆ, ನಾವು ನಾಚಿಕೊಂಡು ಮೂಲೆಗಿಟ್ಟಿದ್ದೇವೆ. ಇದಕ್ಕೂ ಹಾಗೇ ಮಾಡಿ: ಅಲೆ, ಕಡ್ಡಿ. ಅಲೆಗಡ್ಡಿ. ಬರೆಯುವವರಿಗೂ ಸುಲಬ, ಮಹಾಪ್ರಾಣದ ಕಾಟ ಇಲ್ಲ.

ಧಾರವಾಡದಿಂದ

ಅಕ್ಕಾರ, ಅಲೆಗಡ್ಡಿ ಅಂತ ಬರಸಬ್ಯಾಡ್ರಿ. ನಮ್ಮ ಕಡೆ ಆಲೂಗಡ್ಡಿ ಅಂತ ಓದ್ತಾರ. ಕಾರಿನ ಅಂಗಡ್ಯಾಗ ಕಿಲೋ ಎಷ್ಟು ಅಂತ ಕೇಳ್ಕೋತ ಬರ್ತಾರ ಮಂದಿ.

ಆದರ ಮೈಸೂರಿನವರ ಮಾತೂ ಒಪ್ಪೂದಿಲ್ಲ ನಾ. ಆಕಾಶವಾಣಿ ಹೊಸಾ ಪದ ಯಾವಾಗ ಇತ್ತ್ರಿ? ಕಂಸಗ ಕೇಳಿಸಿದ್ದು ಆಕಾಶವಾಣೀನ. ಹಳ್ಳ್ಯಾಗಿನ ಮುದುಕಿಗೂ ಗೊತ್ತಿದ್ದ ಮಾತು, ಹಳೇ ಕೊಡಕ್ಕ ಹೊಸಾ ನೀರು ತುಂಬಿದ್ರು, ಅದಕ್ಕ ನಿಂತಿತು. ತರಂಗಗ್ರಾಹಿ ಯಾವ ಪುರಾಣದಾಗ ಬರ್ತದ?

ಮಂಗಳೂರಿನಿಂದ

ರೇಡಿಯೋ ರಿಪೇರಿಯಲ್ಲೇ ಕೂದಲು ಹಣ್ಣಾದವನು ನಾನು. ಭಾಷೆಯ ಜಗಳ ನಿಮ್ಮದು, ವಸ್ತುವಿನ ಬಗ್ಗೆ ಮಾತ್ರ ಎರಡು ಮಾತು.

'ಗ್ರಾಹಿ' ತಪ್ಪು. ಈ ವಸ್ತು ಅಲೆಯನ್ನು ಹಿಡಿಯುವಷ್ಟೇ ಚೆನ್ನಾಗಿ ಬಿಡುತ್ತದೆ ಕೂಡ. ಆಕಾಶವಾಣಿಯ ಗೋಪುರವೂ ಆಂಟೆನಾವೇ, ಅದು ಏನನ್ನು ಗ್ರಹಿಸುತ್ತದೆ? ಮೂಲ ಪದದಲ್ಲಿ ಗ್ರಹಿಸುವ ಮಾತೇ ಇಲ್ಲ. ಲ್ಯಾಟಿನ್ನಿನಲ್ಲಿ ಅದು ಹಡಗಿನ ಹಾಯಿ ಕಟ್ಟುವ ಅಡ್ಡಮರ. ಅಲ್ಲಿಂದ ಕೀಟದ ಕುಡಿಮೀಸೆಗೆ ಹೋಯಿತು, ಆಮೇಲೆ ರೇಡಿಯೋಗೆ ಬಂತು. ಮರ, ಮೀಸೆ, ಸರಳು. ಹಾಗಾಗಿ 'ಕಡ್ಡಿ' ಎನ್ನುವ ಮೆಕ್ಯಾನಿಕ್ಕು ಲ್ಯಾಟಿನ್ನಿಗೆ ನಿಮಗಿಂತ ಹತ್ತಿರ ಇದ್ದಾನೆ.

ಇನ್ನು ಹಾಳೆಗೆ ಎರಡು ಸಾಲು ಸೇರಿಸಿ. ಹೊಸದನ್ನು ಕೂರಿಸುವ ಮುಂಚೆ ಮೀಟರಿನಲ್ಲಿ ನೋಡಬೇಕು: ಕಡ್ಡಿಯ ತುದಿಗೂ ಪ್ಲಗ್ಗಿನ ನಡುಪಿನ್ನಿಗೂ ಸಂಪರ್ಕ ಇರಬೇಕು, ನಡುಪಿನ್ನಿಗೂ ಅದರ ಹೊರಕವಚಕ್ಕೂ ಇರಬಾರದು. ಕೂರಿಸಿದ ಮೇಲೆ ಹೊರಕವಚಕ್ಕೂ ಕಾರಿನ ತಗಡಿಗೂ ಇರಲೇಬೇಕು. ಈ ಮೂರನೆಯದು ಕೈಕೊಟ್ಟಾಗಲೇ ಆಕ್ಸಿಲರೇಟರ್ ಒತ್ತಿದಂತೆಲ್ಲ ರೇಡಿಯೋದಲ್ಲಿ 'ಕುಂಯ್' ಎಂಬ ಸದ್ದು ಏರುತ್ತಾ ಹೋಗುವುದು. ಜನ ಸ್ಪೀಕರ್ ಬದಲಿಸುತ್ತಾರೆ. ಬದಲಿಸಬೇಕಾದದ್ದು ಬುಡದ ತುಕ್ಕು ಹಿಡಿದ ವಾಷರ್ರು.

ಉದ್ದದ ಬಗ್ಗೆಯೂ ಬರೆಯಿರಿ. 101.3ರ ಎಫ್‌ಎಂಗೆ ಕಾಲು ಅಲೆ ಎಂದರೆ ಸುಮಾರು 74 ಸೆಂ.ಮೀ., ಕಡ್ಡಿಯನ್ನು ಅಷ್ಟು ಎಳೆದರೆ ಸಾಕು. ಬೆಂಗಳೂರಿನ 612 ಕಿಲೋಹರ್ಟ್ಸ್ ಕೇಳುವವರ ಲೆಕ್ಕ ಬೇರೆ. ಅಲ್ಲಿ ಒಂದು ಅಲೆಯೇ 490 ಮೀಟರ್, ಕಾರಿನ ಮೇಲೆ ಅದರ ಕಾಲುಭಾಗ ನಿಲ್ಲಿಸಲಾಗದು. ಇದ್ದಷ್ಟೂ ಉದ್ದ ಎಳೆಯಿರಿ. ಹಳೇ ರೇಡಿಯೋಗಳಲ್ಲಿ ಹಲವಕ್ಕೆ ಆಂಟೆನಾ ಚುಚ್ಚುವ ತೂತಿನ ಹತ್ತಿರ ಟ್ರಿಮ್ಮರ್ ಎಂಬ ಪುಟ್ಟ ಸ್ಕ್ರೂ ಇರುತ್ತದೆ. 1400ರ ಆಸುಪಾಸು ಕ್ಷೀಣವಾಗಿ ಕೇಳುವ ಸ್ಟೇಷನ್ ಹಿಡಿದು, ಸದ್ದು ಅತಿ ಜೋರಾಗುವ ತನಕ ಅದನ್ನು ಮೆಲ್ಲ ತಿರುಗಿಸಬೇಕು. ಕಡ್ಡಿ ಬದಲಿಸಿದವರಲ್ಲಿ ಹೆಚ್ಚಿನವರು ಇದನ್ನು ಮುಟ್ಟುವುದೇ ಇಲ್ಲ. ಆಮೇಲೆ ಹೊಸ ಕಡ್ಡಿ ಸರಿಯಿಲ್ಲ ಎಂದು ಅಂಗಡಿಯವರ ಮೇಲೆ ಬರುತ್ತಾರೆ.

ತುಮಕೂರಿನಿಂದ

ಎಲ್ಲರೂ ಆಂಟೆನಾದ ಹಿಂದೆ ಬಿದ್ದಿದ್ದೀರಿ. 'ಏರಿಯಲ್' ಬಿಟ್ಟಿರಿ. ನನ್ನ ಪ್ರಕಾರ ಏರಿಯಲ್ ಕನ್ನಡವೇ. ಏರು ಧಾತು. ಮೇಲಕ್ಕೆ ಎತ್ತಿ ಕಟ್ಟಿದ್ದು ಕೆರೆಯ ಏರಿ, ಎಳೆದರೆ ಮೇಲಕ್ಕೆ ಏರುವುದು ಏರಿಯಲ್. 'ಅಲ್' ಹಳಗನ್ನಡದಲ್ಲೇ ಇರುವ ಪ್ರತ್ಯಯ. ನಮ್ಮ ತಾತನ ಮನೆಯಲ್ಲಿ ವಾಲ್ವ್ ರೇಡಿಯೋಗೆ ನಡುಮನೆಯ ಉದ್ದಕ್ಕೂ ತಾಮ್ರದ ಜಾಳಿಗೆ ಪಟ್ಟಿ ಎಳೆದಿದ್ದರು. ಅಜ್ಜಿಗೆ ಒಂದಕ್ಷರ ಇಂಗ್ಲಿಷ್ ಬಾರದು, ಅದನ್ನು 'ಏರೀಲು' ಅನ್ನುತ್ತಿದ್ದಳು. ಎಲ್ಲಿಂದ ಕಲಿತಳು?

ಮೈಸೂರಿನಿಂದ

ತಾತನಿಂದ.

ಏರಿಯಲ್ ಗ್ರೀಕಿನ ಗಾಳಿ. ನಿಮ್ಮ ಲೆಕ್ಕದಲ್ಲಿ ಏರೋಪ್ಲೇನು ಯಾರನ್ನೋ 'ಏರೋ' ಎಂದು ಕರೆದದ್ದರಿಂದ ಬಂದಿರಬೇಕು. ಇದು ಪದಚರ್ಚೆ, ಹರಿಕಥೆಯಲ್ಲ.

ಶಿವಮೊಗ್ಗದವರಿಗೆ: ಸಂಸ್ಕೃತವನ್ನು 'ಸಂಸ್ಕ್ರುತ' ಎಂದು ಬರೆದ ಮಾತ್ರಕ್ಕೆ ಅದರ ಸಾಲ ತೀರುವುದಿಲ್ಲ. 'ಮಹಾಪ್ರಾಣ' ಎಂಬ ಪದವನ್ನು ಯಾರಿಂದ ತಂದಿರಿ? ಅಡ್ಡಮರ ಕುಡಿಮೀಸೆಯಾಗಿ, ಕುಡಿಮೀಸೆ ರೇಡಿಯೋಗೆ ಬರುವುದಾದರೆ, ಗ್ರಾಹಿಯೂ ಪ್ರಸಾರದ ಗೋಪುರಕ್ಕೆ ಬರಬಹುದು. ಪದ ಎಂದರೆ ವಸ್ತುವಿನ ನಕ್ಷೆಯಲ್ಲ. ಇದು ಮಂಗಳೂರಿನವರಿಗೆ.

ತುಮಕೂರಿನಿಂದ

ಏರೋಪ್ಲೇನಿನ ಬಗ್ಗೆಯೂ ನನಗೆ ಅನುಮಾನ ಇದ್ದೇ ಇದೆ.

ಶಿವಮೊಗ್ಗದಿಂದ

ಸಾಲವನ್ನು ಅಲ್ಲಗಳೆದವರು ಯಾರು? ಅಲಮಾರು, ಜನೇಲು, ಚಾವಿ ಪೋರ‍್ಚುಗೀಸರದು. ಅವು ಬಾಯಿಂದ ಬಾಯಿಗೆ ಬಂದವು, ಬರುವಾಗ ಕನ್ನಡದ ಬಟ್ಟೆ ಉಟ್ಟುಕೊಂಡವು. ತರಂಗಗ್ರಾಹಿಯಂತಹವು ಕಮಿಟಿಯಿಂದ ಹಾಳೆಗೆ, ಹಾಳೆಯಿಂದ ಬೀರುವಿಗೆ. ಯಾರ ಬಾಯಿಗೂ ಬರಲಿಲ್ಲ. ಸಿಟ್ಟು ಅದರ ಮೇಲೆ.

ಧಾರವಾಡದಿಂದ

ಹಂಗಂದ್ರ ಬಾಯಿಂದ ಬಾಯಿಗೆ ಬಂದಿದ್ದು 'ಏರೀಲು' ಅಲ್ಲೇನ್ರಿ? ತಮ್ಮಾ, ನಿನ್ನ ಅಲೆಗಡ್ಡೀನೂ ಬೀರೂದಾಗ ಹುಟ್ಟೇತಿ, ಅದಕ್ಕ ಇನ್ನೂ ಬಾಗಿಲಾ ತಗದಿಲ್ಲ ಅಷ್ಟ.

ಬೆಂಗಳೂರಿನಿಂದ

ಕೇಳಿದವಳು ನಾನು, ಇನ್ನೂ ಇಲ್ಲೇ ಇದ್ದೇನೆ. ರಾತ್ರಿ 11 ಆಯಿತು.

ಏರಿಯಲ್ ಎಂದರೆ ವಿಭಕ್ತಿ ಕಷ್ಟ. 'ಏರಿಯಲ್ಲಿ ತುಕ್ಕಿದ್ದರೆ' ಎಂದು ಬರೆದು ನೋಡಿದೆ, ಕೆರೆ ಏರಿಯ ಮೇಲೆ ತುಕ್ಕು ಹಿಡಿದಂತಾಯಿತು. ತುಮಕೂರಿನವರು ಕ್ಷಮಿಸಬೇಕು. 'ಏರಿಯಲ್ಲಿನಲ್ಲಿ' ಬರೆಯಲು ನನ್ನ ಕೈ ಬರುವುದಿಲ್ಲ.

ಮಂಗಳೂರಿನಿಂದ

ಮುಂದೆ ಕಡ್ಡಿ ಹಾಕಿ. ವಿಭಕ್ತಿ ಪೂರ್ತಿ ಕಡ್ಡಿಯ ಮೇಲೆ ಬೀಳುತ್ತದೆ. ಏರಿಯಲ್ ಕಡ್ಡಿಗೆ, ಏರಿಯಲ್ ಕಡ್ಡಿಯಲ್ಲಿ. ನಮ್ಮ ಅಂಗಡಿಗೆ ಬಂದವರು ಹಾಗೇ ಕೇಳುತ್ತಿದ್ದದ್ದು.

ಮೈಸೂರಿನಿಂದ

ಅರಿಸಮಾಸ.

ಮಂಗಳೂರಿನಿಂದ

ಆಗಲಿ ಮಾರಾಯ್ರೆ. ಅರ್ತಿಂಗ್ ಆದರೆ ಆಯಿತು.

ಬೆಂಗಳೂರಿನಿಂದ

ಬೆಳಿಗ್ಗೆ 10.40. ಬೋರ್ಡು ಬರೆದಾಯಿತು. 'ಏರಿಯಲ್ ಕಡ್ಡಿ' ಎಂದೇ ಹಾಕಿಸಿದೆ. ತರಂಗಗ್ರಾಹಿಯನ್ನೂ ತೋರಿಸಿದ್ದೆ ಮೇಷ್ಟ್ರೇ, ಸುಳ್ಳು ಹೇಳುವುದಿಲ್ಲ. ಬರೆಯುವವರು ಕಾಗದವನ್ನು ದೂರ ಹಿಡಿದು ನೋಡಿ, "ಅಕ್ಕಾ, ಇದೇನು ಕೆಟ್ಟ ಗ್ರಹ ಬಿಡಿಸೋ ಅಂಗಡೀನಾ?" ಅಂದರು. ಭಾವ ಅಲ್ಲಿಗೆ ತೀರ್ಮಾನ ಮಾಡಿಬಿಟ್ಟರು.

ಹಾಳೆಯಲ್ಲಿ 'ಗ್ರಹಣ ಸುಧಾರಿಸುತ್ತದೆ' ಹೋಗಿ 'ಸ್ಟೇಷನ್ ಚೆನ್ನಾಗಿ ಹಿಡಿಯುತ್ತದೆ' ಆಗಿದೆ. ಮೀಟರಿನ ಮೂರು ಪರೀಕ್ಷೆ, ಟ್ರಿಮ್ಮರ್ ಎರಡೂ ಸೇರಿವೆ. ಹಾಳೆಯನ್ನು ಮೊದಲು ಪರೀಕ್ಷಿಸಿದ್ದು ನಮ್ಮ ತಂದೆಯವರ 1994ರ ಪದ್ಮಿನಿಯ ಮೇಲೆ. ದಾರ ಒಳಗೆಲ್ಲೋ ಸಿಕ್ಕಿಕೊಂಡು ತುಂಡಾಯಿತು, ವೈರು ಹಾಯಿಸಲು ಒಂದು ಗಂಟೆ ಹಿಡಿಯಿತು. 'ಗಟ್ಟಿ ದಾರ' ಇದ್ದದ್ದನ್ನು 'ನೈಲಾನ್ ದಾರ' ಎಂದು ತಿದ್ದಿದ್ದೇನೆ. 612 ಈಗ ಕರಕರ ಇಲ್ಲದೆ ಬರುತ್ತಿದೆ.

ಒಂದು ಎಡವಟ್ಟಾಗಿದೆ. ಜಾಗ ಸಾಲದೆ ಅವರು ಪದವನ್ನು ಎರಡು ಸಾಲಿಗೆ ಒಡೆದಿದ್ದಾರೆ. ಮೇಲಿನ ಸಾಲು 'ರೇಡಿಯೋ ಏರಿ' ಎಂದು ಮುಗಿಯುತ್ತದೆ, ಕೆಳಗಿನದು 'ಯಲ್ ಕಡ್ಡಿ' ಎಂದು ಶುರು.

ತುಮಕೂರಿನಿಂದ

ಸರಿಯಾದ ಜಾಗದಲ್ಲೇ ಒಡೆದಿದ್ದಾರೆ. ಧಾತು ಬೇರೆ, ಪ್ರತ್ಯಯ ಬೇರೆ.