ಮೊದಲ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ ಯಾವುದು? ಲೆನ್ಸ್ ಪರೀಕ್ಷೆಗೆ ಯಾವ ಟಾರ್ಚ್?

ಬೆಳಕಿಂಡಿ:
ಎಲ್ಲರಿಗೂ ನಮಸ್ಕಾರ. ತುಂಬಾ ಕಾಲದಿಂದ 35 ಎಂಎಂ ಫಿಲ್ಮಿನಲ್ಲಿ ಫೋಟೋ ತೆಗೆಯುತ್ತಿದ್ದೇನೆ. ಈಗ 120 ಫಿಲ್ಮಿಗೆ, ಅಂದರೆ 35 ಎಂಎಂಗಿಂತ ಅಗಲವಾದ ಮೀಡಿಯಂ ಫಾರ್ಮ್ಯಾಟ್ ರೋಲಿಗೆ, ಬರಬೇಕೆಂಬ ಆಸೆ. ಹಳೆಯ ಕ್ಯಾಮೆರಾನೇ ಕೈಯಲ್ಲಿ ಹಿಡಿದು ನೋಡಿ ತಗೊಳ್ಳಬೇಕು. ಮನಸ್ಸಿನಲ್ಲಿರುವುದು ಮೂರು: ಯಾಷಿಕಾ ಮ್ಯಾಟ್ 124ಜಿ, ಮಾಮಿಯಾ ಆರ್‌ಬಿ67, ಬ್ರೋನಿಕಾ ಇಟಿಆರ್‌ಎಸ್. ನಾನು ಹೆಚ್ಚಾಗಿ ತೆಗೆಯುವುದು ಜನರನ್ನು, ಮತ್ತೆ ನಡೆದು ಹೋಗುವಾಗ ಕಣ್ಣಿಗೆ ಬಿದ್ದದ್ದನ್ನು. ಜೊತೆಗೆ ಲೆನ್ಸ್ ಒಳಗೆ ನೋಡೋಕೆ ಜೇಬಿನಲ್ಲಿ ಹಿಡಿಯುವ ಟಾರ್ಚ್ ಬೇಕು. ಸಾವಿರ ಲ್ಯೂಮೆನ್ (ಬೆಳಕಿನ ಅಳತೆ) ಇರುವುದು ತಗೊಳ್ಳಲಾ? ಅಥವಾ ಫೋನಿನ ಲೈಟೇ ಸಾಕಾ?

ಕಪ್ಪುಬಿಳುಪು:
ಟಾರ್ಚಿನಿಂದಲೇ ಶುರು ಮಾಡುತ್ತೇನೆ, ಕ್ಯಾಮೆರಾ ಯಾವುದಾದರೂ ಅದು ಬೇಕೇ ಬೇಕು. ಸಾವಿರ ಲ್ಯೂಮೆನ್ ಖಂಡಿತ ಬೇಡ. ಅಷ್ಟು ಬೆಳಕು ಬಿಟ್ಟರೆ ಹೊಸ ಲೆನ್ಸಿನಲ್ಲೂ ಧೂಳು ಕಾಣುತ್ತದೆ, ಸುಮ್ನೆ ಹೆದರಿ ಒಳ್ಳೆಯ ಲೆನ್ಸನ್ನೇ ಬಿಟ್ಟು ಬರುತ್ತೀರಿ. ಎಎಎ ಸೆಲ್ ಹಾಕುವ ಪೆನ್ ಟಾರ್ಚ್ ಸಾಕು. ನೂರು ಲ್ಯೂಮೆನ್ ಒಳಗೆ ಎರಡು ಮೂರು ಹಂತ ಇರಲಿ, ಆನ್ ಮಾಡಿದರೆ ಕಡಿಮೆ ಬೆಳಕಿನಲ್ಲೇ ಶುರುವಾಗಲಿ. ಬೆಳಕಿನ ಬಣ್ಣ 4000ರಿಂದ 5000 ಕೆಲ್ವಿನ್ (ಹೆಚ್ಚು ಹಳದಿಯೂ ಅಲ್ಲ, ನೀಲಿಯೂ ಅಲ್ಲ), ಸಿಆರ್‌ಐ (ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬ ಅಂಕ) 90ಕ್ಕಿಂತ ಜಾಸ್ತಿ ಇದ್ದರೆ ಲೆನ್ಸಿನ ಮೇಲಿನ ಕೋಟಿಂಗಿನ ಬಣ್ಣ, ಗಾಜು ಹಳದಿಯಾಗಿರುವುದು ಎಲ್ಲ ಸರಿಯಾಗಿ ಗೊತ್ತಾಗುತ್ತದೆ. ಫೋನಿನ ಲೈಟ್ ಅಗಲಕ್ಕೆ ಹರಡುತ್ತದೆ, ಬೇಕಾದ ಕೋನದಲ್ಲಿ ಲೆನ್ಸಿನ ಹತ್ತಿರ ಹಿಡಿಯೋಕೂ ಆಗುವುದಿಲ್ಲ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಕೆಲವು ಟಾರ್ಚ್‌ಗಳು ಕಡಿಮೆ ಹಂತದಲ್ಲಿ ಬೇಗ ಬೇಗ ಆರಿ ಹತ್ತುತ್ತಿರುತ್ತವೆ. ಬೆಳಕಿನ ಕೆಳಗೆ ಬೆರಳುಗಳನ್ನು ಜೋರಾಗಿ ಆಡಿಸಿ. ಬೆರಳು ತುಂಡು ತುಂಡಾಗಿ ಕಂಡರೆ ಆ ಟಾರ್ಚ್ ಬೇಡ. ಶಟರ್ ಓಡುವುದನ್ನು ಅದರಲ್ಲಿ ನೋಡಿದರೆ ಕಣ್ಣಿಗೆ ಮೋಸ ಆಗುತ್ತದೆ.

ನೋಡುವ ಕ್ರಮ: ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ) ಪೂರ್ತಿ ತೆರೆದು, ಶಟರನ್ನು ಬಿ ಅಥವಾ ಟಿಯಲ್ಲಿ (ಶಟರ್ ಮುಚ್ಚದೆ ತೆರೆದೇ ಇರುವ ಸೆಟ್ಟಿಂಗ್) ತೆರೆದಿಟ್ಟು, ಹಿಂದಿನಿಂದ ಓರೆಯಾಗಿ ಬೆಳಕು ಬಿಡಿ. ಎಳೆ ಎಳೆಯಾಗಿ ಕವಲೊಡೆದಿದ್ದರೆ ಫಂಗಸ್. ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ ಮಂಜಾಗಿದ್ದರೆ ಹೇಜ್, ಕಾಂಟ್ರಾಸ್ಟ್ ಕೆಡಿಸುವುದು ಇದೇ. ನಾಲ್ಕು ಧೂಳಿನ ಕಣಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ದುರ್ಬೀನು:
ಕ್ಯಾಮೆರಾ ವಿಷಯಕ್ಕೆ ಬರುತ್ತೇನೆ. ನಡೆದು ಹೋಗುವಾಗ ಅಂದಿರಲ್ಲ, ಅಲ್ಲಿಗೇ ಆರ್‌ಬಿ67 ಹೊರಗೆ. ಲೆನ್ಸ್, ಬ್ಯಾಕ್ (ಹಿಂದೆ ಕೂರುವ ಫಿಲ್ಮಿನ ಡಬ್ಬಿ) ಸೇರಿ ಸುಮಾರು ಎರಡೂವರೆ ಕಿಲೋ, ಟ್ರೈಪಾಡ್ ಬೇರೆ. ಆದರೆ ಒಂದೇ ಕಡೆ ಕೂರಿಸಿ ಮುಖ ತೆಗೆಯುವುದಾದರೆ ನನಗೆ ಅದರಷ್ಟು ಇಷ್ಟವಾದದ್ದು ಬೇರೆ ಇಲ್ಲ. ಬ್ಯಾಟರಿ ಬೇಡ, ಬೆಲ್ಲೋಸ್ (ಲೆನ್ಸನ್ನು ಮುಂದಕ್ಕೆ ಚಾಚುವ ಮಡಿಕೆ ಚೀಲ) ಇರುವುದರಿಂದ ತುಂಬಾ ಹತ್ತಿರ ಹೋಗಬಹುದು, ಬ್ಯಾಕ್ ತಿರುಗಿಸಿದರೆ ಅಡ್ಡ ಚಿತ್ರ ನಿಲುವು ಚಿತ್ರವಾಗುತ್ತದೆ. ನೆಗೆಟಿವ್ 35 ಎಂಎಂಗಿಂತ ನಾಲ್ಕೂವರೆ ಪಟ್ಟು ದೊಡ್ಡದು, ಒಂದು ರೋಲಿಗೆ 10 ಚಿತ್ರ.

ಇಟಿಆರ್‌ಎಸ್ 645, ಅಂದರೆ 6x4.5 ಸೆಂ.ಮೀ. ಅಳತೆಯ ನೆಗೆಟಿವ್, ರೋಲಿಗೆ 15 ಚಿತ್ರ. ಲೆನ್ಸ್, ಬ್ಯಾಕ್ ಎರಡೂ ಬದಲಿಸಬಹುದು. 6 ವೋಲ್ಟಿನ ಬ್ಯಾಟರಿ ಸತ್ತರೆ ಮಾತ್ರ 1/500 ಒಂದೇ ವೇಗ ಉಳಿಯುತ್ತದೆ.

ನಿಮಗೆ ನನ್ನ ಓಟು ಯಾಷಿಕಾಗೆ. ಒಂದರ ಮೇಲೊಂದು ಎರಡು ಲೆನ್ಸ್ ಇರುವ ಕ್ಯಾಮೆರಾ, 6x6 ಸೆಂ.ಮೀ. ನೆಗೆಟಿವ್, 12 ಚಿತ್ರ, ಸದ್ದೇ ಇಲ್ಲ, ಇಡೀ ದಿನ ಕೊರಳಲ್ಲಿ ಹಾಕಿಕೊಂಡು ತಿರುಗಬಹುದು. 80 ಎಂಎಂ ಎಫ್3.5 ಲೆನ್ಸ್ ಬದಲಿಸೋಕೆ ಆಗುವುದಿಲ್ಲ, ಒಂದು ಮೀಟರಿಗಿಂತ ಹತ್ತಿರ ಹೋಗಬೇಕೆಂದರೆ ಕ್ಲೋಸಪ್ ಲೆನ್ಸ್ ಹಾಕಬೇಕು. ಬೆಳಕು ಅಳೆಯುವ ಮೀಟರಿಗೆ ಬೇಕಾದ 1.35 ವೋಲ್ಟಿನ ಪಾದರಸದ ಸೆಲ್ ಈಗ ತಯಾರಾಗುವುದಿಲ್ಲ. ಆದರೆ ಶಟರಿಗೆ ಬ್ಯಾಟರಿ ಬೇಡವೇ ಬೇಡ, ಹಾಗಾಗಿ ಮೀಟರ್ ಸತ್ತಿದೆ ಅಂತ ಕ್ಯಾಮೆರಾ ಬಿಡಬೇಡಿ.

ಹಳೇಶಟರ್:
ಮೇಲಿನವರು ಗಾಜಿನ ಬಗ್ಗೆ ಹೇಳಿದರು, ನನ್ನ ಪ್ರಕಾರ ಶಟರ್ ಅದಕ್ಕಿಂತ ಮುಖ್ಯ. ಒಂದು ಸೆಕೆಂಡ್, ಅರ್ಧ, ಕಾಲು, ಹೀಗೆ ನಿಧಾನದ ವೇಗಗಳನ್ನು ಹಾಕಿ ಕಿವಿಗೊಟ್ಟು ಕೇಳಿ. ಒಳಗಿನ ಎಣ್ಣೆ ಗಟ್ಟಿಯಾಗಿದ್ದರೆ ಎಳೆದಾಡುತ್ತದೆ, ಕೆಲವು ಸಲ ಮಧ್ಯದಲ್ಲೇ ನಿಂತುಬಿಡುತ್ತದೆ. ಶಟರ್ ಎಲೆಗಳ ಮೇಲೆ ಟಾರ್ಚ್ ಬಿಟ್ಟಾಗ ಜಿಡ್ಡು ಹೊಳೆದರೂ ಅದೇ ರೋಗ. ಸರ್ವಿಸ್ ಆಗುವಂಥದ್ದೇ, ಆದರೆ ಆ ಖರ್ಚು ಲೆಕ್ಕ ಹಾಕಿಕೊಂಡೇ ತಗೊಳ್ಳಿ.

ಆರ್‌ಬಿ ಸಿಕ್ಕಿದರೆ ಲೆನ್ಸ್ ತೆಗೆದು, ಬೆಲ್ಲೋಸ್ ಪೂರ್ತಿ ಚಾಚಿ, ಕತ್ತಲೆಯಲ್ಲಿ ಟಾರ್ಚನ್ನು ಒಳಗಿಟ್ಟು ಹೊರಗಿನಿಂದ ಮಡಿಕೆಯ ಮೂಲೆಗಳನ್ನು ನೋಡಿ. ಇಲ್ಲಿ ಮಾತ್ರ ಜೋರು ಬೆಳಕು ಬೇಕು. ಫಿಲ್ಮ್ ಬ್ಯಾಕಿನ ಫೋಮ್ ಅಂಟಂಟಾಗಿದ್ದರೆ ಚಿಂತೆಯಿಲ್ಲ, ಕಿತ್ತು ಹೊಸದು ಅಂಟಿಸಬಹುದು.

ಬೆಳಕಿಂಡಿ:
ಎಲ್ಲರಿಗೂ ಧನ್ಯವಾದ, ಯಾಷಿಕಾ ಅಂತಲೇ ತೀರ್ಮಾನ ಮಾಡಿದೆ. ಒಂದನ್ನು ನೋಡಿ ಬಂದೆ. ಮೇಲಿನ ಲೆನ್ಸಿನಲ್ಲಿ ಸ್ವಲ್ಪ ಮಂಜು ಇದೆ, ಕೆಳಗಿನದು ಶುದ್ಧವಾಗಿದೆ. ತಗೊಳ್ಳಬಹುದಾ?

ಹಳೇಶಟರ್:
ತಗೊಳ್ಳಿ. ಮೇಲಿನದು ನೋಡೋಕೆ ಮಾತ್ರ, ಫಿಲ್ಮಿನ ಮೇಲೆ ಚಿತ್ರ ಮೂಡಿಸುವುದು ಕೆಳಗಿನದು. ಫೋಕಸ್ ಮಾಡುವಾಗ ಗ್ರೌಂಡ್ ಗ್ಲಾಸ್ (ಚಿತ್ರ ಕಾಣುವ ಮೇಲಿನ ಗಾಜು) ಸ್ವಲ್ಪ ಮಬ್ಬಾಗಿ ಕಾಣಬಹುದು, ಅಷ್ಟೇ. ದುಡ್ಡು ಕೊಡುವ ಮುಂಚೆ ಒಂದು ಹಾಳು ರೋಲ್ ಹಾಕಿ 12 ಚಿತ್ರದವರೆಗೂ ತಿರುಗಿಸಿ ನೋಡಿ, ವೈಂಡಿಂಗ್ ಎಲ್ಲೂ ಸಿಕ್ಕಿಕೊಳ್ಳಬಾರದು.