ಖಾರ ರುಚಿಯಲ್ಲವಾದರೆ ಮತ್ತೇನು?

ಪ್ರಶ್ನೆ: ಸಿರುಗುಪ್ಪದ ಗೃಹಿಣಿ

ಎಲ್ಲರಿಗೂ ನಮಸ್ಕಾರ. ನಮ್ಮದು ಸಿರುಗುಪ್ಪ ತಾಲ್ಲೂಕಿನಲ್ಲಿ ಮೆಣಸಿನಕಾಯಿ ಬೆಳೆಯುವ ಮನೆ. ಒಣಗಿದ ಕಾಯಿಯನ್ನು ಬ್ಯಾಡಗಿ ಮಾರುಕಟ್ಟೆಗೆ ಕಳುಹಿಸುವ ಮೊದಲು ಮನೆಗೆ ಬೇಕಾದಷ್ಟನ್ನು ತೆಗೆದಿಟ್ಟು, ತೊಟ್ಟು ಮುರಿದು, ಪುಡಿ ಮಾಡಿಸುತ್ತೇವೆ. ಈ ಸಲ ಎರಡು ದಿನ ತೊಟ್ಟು ಮುರಿದ ಮೇಲೆ ನನ್ನ ಬೆರಳುಗಳು ರಾತ್ರಿಯಿಡೀ ಉರಿದವು. ತಣ್ಣೀರಿನಲ್ಲಿ ಮುಳುಗಿಸಿಟ್ಟಷ್ಟು ಹೊತ್ತು ಹಾಯೆನಿಸಿ, ಹೊರಗೆ ತೆಗೆದ ಕೂಡಲೇ ಮೊದಲಿನಂತೆಯೇ ಉರಿ ಶುರುವಾಗುತ್ತಿತ್ತು.

ಒಂಬತ್ತನೆಯ ತರಗತಿಯಲ್ಲಿರುವ ಮಗ, ಖಾರವೆಂಬುದು ರುಚಿಯೇ ಅಲ್ಲ, ಅದೊಂದು ಬಗೆಯ ನೋವು ಎಂದು ತನ್ನ ವಿಜ್ಞಾನದ ಮೇಷ್ಟ್ರು ಹೇಳಿದ್ದಾಗಿ ತಿಳಿಸಿದ. ನಮ್ಮ ಮಾವನವರು ಇದನ್ನು ಒಪ್ಪಲಿಲ್ಲ. ಷಡ್ರಸಗಳಲ್ಲಿ ಖಾರವೂ ಒಂದಲ್ಲವೇ ಎಂದು ಅವರ ವಾದ. ನನಗೆ ಮಗನ ಮಾತೇ ಸರಿಯೆನಿಸುತ್ತದೆ, ಏಕೆಂದರೆ ಕೈಗೆ ನಾಲಿಗೆಯಿಲ್ಲ. ಆದರೂ ಒಂದು ಸಂಗತಿ ಬಗೆಹರಿಯುತ್ತಿಲ್ಲ. ಮಂಡಾಳು (ಮಂಡಕ್ಕಿ) ಒಗ್ಗರಣೆಯ ಜೊತೆ ಮಿರ್ಚಿ ತಿಂದು ಚಹಾ ಕುಡಿದರೆ, ಬೇರೆ ಹೊತ್ತಿನಲ್ಲಿ ಆರಿದೆ ಎನ್ನಿಸುವ ಚಹಾವೇ ಬಾಯಿ ಸುಟ್ಟಂತಾಗುತ್ತದೆ. ಚಹಾದ ಬಿಸಿಗೂ ಮೆಣಸಿನಕಾಯಿಗೂ ಏನು ಸಂಬಂಧ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಬಳ್ಳಾರಿ, ಶರೀರಶಾಸ್ತ್ರದ ಅಧ್ಯಾಪಕ

ಮೇಡಂ ಅವರೆ, ಕೈಗೆ ನಾಲಿಗೆಯಿಲ್ಲ ಎಂಬ ತಮ್ಮ ಮಾತಿನಲ್ಲಿಯೇ ಅರ್ಧ ಉತ್ತರವಿದೆ. ಸಿಹಿ, ಹುಳಿ, ಉಪ್ಪು, ಕಹಿ, ಮತ್ತು ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆದಾ 1908ರಲ್ಲಿ ಗುರುತಿಸಿದ ಉಮಾಮಿ (ಅಣಬೆ, ಮಾಂಸದ ಸಾರಿನಂಥವುಗಳ ತುಂಬು ರುಚಿ), ಈ ಐದನ್ನು ರುಚಿಮೊಗ್ಗುಗಳು ಅರಿಯುತ್ತವೆ. ಸಕ್ಕರೆಯನ್ನು ಅಂಗೈಯಲ್ಲಿ ಎಷ್ಟು ಉಜ್ಜಿದರೂ ಸಿಹಿಯಾಗುವುದಿಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ವಸ್ತುವಾದರೋ ರುಚಿಮೊಗ್ಗನ್ನು ಹುಡುಕಿಕೊಂಡು ಹೋಗುವುದಿಲ್ಲ. ಬಿಸಿ ಮತ್ತು ನೋವನ್ನು ತಿಳಿಸುವ ನರಗಳ ತುದಿ ಎಲ್ಲಿದೆಯೋ ಅಲ್ಲೆಲ್ಲ, ಎಂದರೆ ನಾಲಿಗೆ, ಕಣ್ಣು, ಮೂಗು, ಬೆರಳು ಎಲ್ಲ ಕಡೆಯೂ ಅದು ಕೆಲಸ ಮಾಡುತ್ತದೆ.

ಆ ನರತುದಿಗಳ ಪೊರೆಯಲ್ಲಿ ಟಿಆರ್‌ಪಿವಿ-1 ಎಂಬ ಪ್ರೋಟೀನ್ ಇದೆ. ತಮ್ಮ ಭಾಗದವರಿಗೆ ತುಂಗಭದ್ರಾ ಕಾಲುವೆಯ ತೂಬು ಗೊತ್ತೇ ಇರುತ್ತದೆ. ಇದನ್ನೂ ಅಂಥದೊಂದು ತೂಬೆಂದೇ ತಿಳಿಯಬಹುದು. ಸಾಮಾನ್ಯವಾಗಿ ಮುಚ್ಚಿಕೊಂಡಿರುವ ಇದು ಸುಮಾರು 43 ಡಿಗ್ರಿ ಸೆಲ್ಸಿಯಸ್ ಬಿಸಿ ತಗುಲಿದಾಗ ತೆರೆದುಕೊಳ್ಳುತ್ತದೆ. ಆಗ ಕ್ಯಾಲ್ಸಿಯಂ, ಸೋಡಿಯಂ ಅಯಾನುಗಳು (ವಿದ್ಯುದಾವೇಶವುಳ್ಳ ಕಣಗಳು) ಒಳನುಗ್ಗಿ, ನರದಲ್ಲಿ ಸಂಕೇತವೊಂದು ಹುಟ್ಟಿ ಮಿದುಳಿನತ್ತ ಓಡುತ್ತದೆ. ಕ್ಯಾಪ್ಸೈಸಿನ್ ಅದೇ ತೂಬಿಗೆ ಅಂಟಿಕೊಂಡು, ಬಿಸಿಯೇ ಇಲ್ಲದಿದ್ದರೂ ಅದನ್ನು ತೆರೆದುಬಿಡುತ್ತದೆ. ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ ಇದನ್ನು 1997ರಲ್ಲಿ ಪತ್ತೆ ಮಾಡಿತು. 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಅವರಿಗೂ, ಸ್ಪರ್ಶದ ಗ್ರಾಹಕಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೌಟಿಯನ್ ಅವರಿಗೂ ಸಂದಿತು.

ಈಗ ಮಿದುಳಿನ ಪಾಡನ್ನು ಯೋಚಿಸಿ. ಕತ್ತಲೆಯ ಬುರುಡೆಯೊಳಗಿರುವ ಅದಕ್ಕೆ ತಲುಪುವುದು ನರದ ಮಿಡಿತ ಮಾತ್ರ. ತೂಬನ್ನು ಎತ್ತಿದ್ದು ಬೆಂಕಿಯೋ ಮೆಣಸಿನಕಾಯಿಯೋ ಎಂಬುದು ಆ ಮಿಡಿತದಲ್ಲಿ ಬರೆದಿರುವುದಿಲ್ಲ. ಯಾವ ನರದಿಂದ ಸುದ್ದಿ ಬಂತು ಎಂಬುದರ ಮೇಲೆಯೇ ಅದು ಅರ್ಥ ಹಚ್ಚುತ್ತದೆ. ಸುಡುವ ಸುದ್ದಿ ತರುವ ನರ ಮಿಡಿದರೆ, ಸುಡುತ್ತಿದೆ ಎಂದೇ ತೀರ್ಮಾನ. ಹಾಗಾಗಿಯೇ ಖಾರ ತಿಂದಾಗ ಹಣೆ, ಮೂಗಿನ ತುದಿ ಬೆವರುತ್ತವೆ. ದೇಹವು ಇಲ್ಲದ ಬಿಸಿಯನ್ನು ಇಳಿಸಲು ಹೊರಟಿರುತ್ತದೆ.

ಚಹಾದ ಗುಟ್ಟೂ ಇಲ್ಲಿಯೇ ಇದೆ. ಕ್ಯಾಪ್ಸೈಸಿನ್ ಅಂಟಿಕೊಂಡಿರುವಾಗ ಆ ತೂಬು ತೆರೆಯುವ ಮಟ್ಟವೇ 43ರಿಂದ ಕೆಳಗಿಳಿದಿರುತ್ತದೆ. ಬರಿಯ ಮೈಶಾಖವೇ ಅದನ್ನು ತೆರೆಯಲು ಸಾಕಾಗುವಾಗ, ಉಗುರು ಬೆಚ್ಚಗಿನ ಚಹಾ ಕುದಿಯುವ ಚಹಾದಂತೆ ತೋರುವುದು ಸಹಜ. ತಣ್ಣೀರು ತೂಬನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ, ಆದರೆ ಕ್ಯಾಪ್ಸೈಸಿನ್ ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲವಾದ್ದರಿಂದ ಅದು ಅಲ್ಲಿಯೇ ಉಳಿಯುತ್ತದೆ. ಕೈಗೆ ಮೊದಲು ಅಡುಗೆ ಎಣ್ಣೆ ತಿಕ್ಕಿ, ಅನಂತರ ಸೋಪಿನಿಂದ ತೊಳೆಯಿರಿ. ಬಾಯಿಗಾದರೆ ಹಾಲು, ಮೊಸರು ಒಳ್ಳೆಯವು. ಅವುಗಳಲ್ಲಿರುವ ಕೇಸಿನ್ ಎಂಬ ಪ್ರೋಟೀನ್ ಕ್ಯಾಪ್ಸೈಸಿನ್ನನ್ನು ಹಿಡಿದುಕೊಂಡು ಹೋಗುತ್ತದೆ.

ಉತ್ತರ 2: ಕೊಪ್ಪಳದ ಓದುಗ

ಅಧ್ಯಾಪಕರ ವಿವರಣೆಯನ್ನು ಒಪ್ಪುತ್ತಲೇ, ಮಾವನವರ ಪರವಾಗಿಯೂ ಎರಡು ಮಾತು ಹೇಳಬೇಕೆನಿಸುತ್ತದೆ. ಆಯುರ್ವೇದವು ಕಟು ಎಂದು ಕರೆದ ರಸ ಮೆಣಸಿನಕಾಯಿಯದಲ್ಲ. ಪೋರ್ಚುಗೀಸರು ಅಮೆರಿಕ ಖಂಡದ ಈ ಕಾಯಿಯನ್ನು ಭಾರತಕ್ಕೆ ತರುವ ಮೊದಲು ನಮ್ಮ ಅಡುಗೆಯ ಖಾರವೆಂದರೆ ಕಾಳುಮೆಣಸು, ಹಿಪ್ಪಲಿ, ಶುಂಠಿ. ಹೊಸ ಕಾಯಿ ಬಂದಾಗ ಕನ್ನಡಿಗರು ಅದಕ್ಕೆ ಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದರು. ಗಿಡಗಳೆರಡೂ ಬೇರೆ ಬೇರೆ ಕುಲದವು, ನೋಟಕ್ಕೂ ಹೋಲಿಕೆಯಿಲ್ಲ. ಹೋಲಿದ್ದು ಉರಿ ಮಾತ್ರ. ಕಾಳುಮೆಣಸಿನ ಪಿಪರಿನ್ ಕೂಡ ಅದೇ ಟಿಆರ್‌ಪಿವಿ-1 ತೂಬನ್ನೇ ತೆರೆಯುತ್ತದೆ ಎಂದು ಓದಿದಾಗ, ಹೆಸರಿಟ್ಟವರ ನಾಲಿಗೆ ತಪ್ಪು ಮಾಡಿರಲಿಲ್ಲ ಎಂದು ನನಗೆ ಬಹಳ ಸಂತೋಷವಾಯಿತು.

ಇನ್ನೊಂದು ಸಂಗತಿಯೆಂದರೆ, ಷಡ್ರಸಗಳಲ್ಲಿ ಖಾರವೊಂದೇ ಅಲ್ಲ, ಒಗರು ಕೂಡ ರುಚಿಮೊಗ್ಗಿನ ಲೆಕ್ಕಕ್ಕೆ ಪೂರ್ತಿ ಸೇರುವುದಿಲ್ಲ. ನೇರಳೆಹಣ್ಣಿನ, ಎಳೆ ಬಾಳೆಕಾಯಿಯ ಟ್ಯಾನಿನ್ ಎಂಬ ವಸ್ತು ಎಂಜಲಿನ ಪ್ರೋಟೀನುಗಳಿಗೆ ಅಂಟಿಕೊಂಡು, ಬಾಯಿಯ ಜಾರುವಿಕೆಯನ್ನು ಕಸಿಯುತ್ತದೆ. ನಾವು ಒಗರು ಎನ್ನುವುದು ಬಹುಮಟ್ಟಿಗೆ ಆ ಒರಟು ಸ್ಪರ್ಶವನ್ನು. ಹಾಗೆಂದು ಹಿಂದಿನವರ ಪಟ್ಟಿ ತಪ್ಪೆಂದು ಹೇಳಲಾರೆ. ಅವರು ಎಣಿಸಿದ್ದು ತುತ್ತು ಬಾಯಿಗಿಟ್ಟವನ ಅನುಭವವನ್ನು, ನರಗಳನ್ನಲ್ಲ.

ಉತ್ತರ 3: ಸಿರುಗುಪ್ಪದ ಗೃಹಿಣಿ

ಇಬ್ಬರಿಗೂ ಧನ್ಯವಾದಗಳು. ಮಾವನವರಿಗೆ ಓದಿ ಹೇಳಿದೆ. ಎರಡನೆಯ ಉತ್ತರವನ್ನು ಮತ್ತೊಮ್ಮೆ ಓದಿಸಿಕೊಂಡರು. ಒಂದು ಸಂದೇಹ ಉಳಿದಿದೆ. ನಮ್ಮ ಅತ್ತೆಯವರು ಜೋಳದ ರೊಟ್ಟಿಗೆ ರಂಜಕವನ್ನು (ಕೆಂಪು ಮೆಣಸಿನಕಾಯಿಯ ಚಟ್ನಿ) ದಪ್ಪನಾಗಿ ಹಚ್ಚಿಕೊಂಡು, ಬೆಣ್ಣೆಯೂ ಇಲ್ಲದೆ ತಿನ್ನುತ್ತಾರೆ. ಅವರ ನಾಲಿಗೆಯ ರುಚಿ ಸತ್ತುಹೋಗಿದೆಯೇ?

ಉತ್ತರ 4: ಬಳ್ಳಾರಿ, ಶರೀರಶಾಸ್ತ್ರದ ಅಧ್ಯಾಪಕ

ಇಲ್ಲ ಮೇಡಂ. ರುಚಿಮೊಗ್ಗಿನ ದಾರಿ ಬೇರೆ, ಉರಿಯ ದಾರಿ ಬೇರೆ ಎಂದಮೇಲೆ ಉರಿ ಕಡಿಮೆಯಾದ ಮಾತ್ರಕ್ಕೆ ಉಪ್ಪು, ಹುಳಿ ತಿಳಿಯದೆ ಹೋಗುವುದಿಲ್ಲ. ಮತ್ತೆ ಮತ್ತೆ ಕ್ಯಾಪ್ಸೈಸಿನ್ ತಾಗಿದ ನರತುದಿಗಳು ಕ್ರಮೇಣ ಮಂದವಾಗುತ್ತವೆ. ಕೀಲುನೋವಿಗೆ ಹಚ್ಚುವ ಕ್ಯಾಪ್ಸೈಸಿನ್ ಮುಲಾಮುಗಳು ಇದೇ ಗುಣದ ಮೇಲೆ ನಿಂತಿವೆ: ಮೊದಲು ಉರಿಸಿ, ಆಮೇಲೆ ಆ ನರಗಳನ್ನು ಸುಮ್ಮನಾಗಿಸುತ್ತವೆ. ಇದರ ಜೊತೆಗೆ, ಈ ಉರಿಯಿಂದ ಅಪಾಯವಿಲ್ಲವೆಂದು ಮಿದುಳು ವರ್ಷಗಳ ಅನುಭವದಿಂದ ಕಲಿತಿರುತ್ತದೆ. ಸುದ್ದಿ ಬಂದರೂ ಗಾಬರಿಯಾಗುವುದಿಲ್ಲ.

ಮಗನಿಗೆ ಒಂದು ಪ್ರಯೋಗ ಹೇಳಿಕೊಡಿ. ಮೂಗನ್ನು ಬಿಗಿಯಾಗಿ ಹಿಡಿದುಕೊಂಡು, ಕಣ್ಣು ಮುಚ್ಚಿ, ಪುದೀನದ ಪೆಪ್ಪರ್‌ಮೆಂಟ್ ಚೀಪಲಿ. ಪುದೀನದ ವಾಸನೆ ಹೆಚ್ಚುಕಡಿಮೆ ಮಾಯವಾಗಿ, ಸಿಹಿಯೂ ತಂಪೂ ಮಾತ್ರ ಉಳಿಯುತ್ತವೆ. ಸಿಹಿ ರುಚಿಮೊಗ್ಗಿನದು. ಆ ತಂಪು ಖಾರದ ಉರಿಯಷ್ಟೇ ಸುಳ್ಳು: ಪುದೀನದಲ್ಲಿರುವ ಮೆಂಥಾಲ್ ಎಂಬ ವಸ್ತು ಚಳಿಯನ್ನು ತಿಳಿಸುವ ಟಿಆರ್‌ಪಿಎಮ್-8 ಎಂಬ ಇನ್ನೊಂದು ತೂಬನ್ನು ತೆರೆದಿರುತ್ತದೆ. ಮೂಗು ಬಿಟ್ಟ ಕೂಡಲೇ ಪುದೀನ ಮರಳಿ ಬರುತ್ತದೆ, ಮತ್ತು ಅದು ಮೂಗಿನಿಂದ ಬಂದರೂ ನಾಲಿಗೆಯ ಮೇಲೆಯೇ ಇದೆಯೆಂದು ಮಿದುಳು ಹಟ ಹಿಡಿಯುತ್ತದೆ. ನೆಗಡಿಯಾದಾಗ ಊಟ ಸಪ್ಪೆಯೆನಿಸುವುದೂ, ಆಗಲೂ ಖಾರ ತಿಳಿಯುವುದೂ ಇದರಿಂದಲೇ.

ಉತ್ತರ 5: ರಾಯಚೂರಿನಿಂದ

ಒಂದು ಚಿಕ್ಕ ಸೇರ್ಪಡೆ. ಪಂಜರದ ಗಿಳಿಗೆ ಹಸಿಮೆಣಸಿನಕಾಯಿ ಕೊಡುವುದನ್ನು ಎಲ್ಲರೂ ನೋಡಿದ್ದೇವೆ. ಅದು ಬೀಜವನ್ನೂ ಬಿಡದೆ ಆರಾಮವಾಗಿ ತಿನ್ನುತ್ತದೆ. ಇದು ಗಿಳಿಯ ಧೈರ್ಯವಲ್ಲ. ಹಕ್ಕಿಗಳಿಗೂ ಅದೇ ತೂಬಿದೆ, ಬಿಸಿ ತಗುಲಿದರೆ ಅದು ತೆರೆಯುತ್ತದೆ ಕೂಡ; ಆದರೆ ಅದರ ರಚನೆಯಲ್ಲಿ ಸಣ್ಣ ವ್ಯತ್ಯಾಸವಿರುವುದರಿಂದ ಕ್ಯಾಪ್ಸೈಸಿನ್ ಅದನ್ನು ತೆರೆಯಲಾರದು. ಇಲಿ ಬೀಜವನ್ನು ಅಗಿದು ಹಾಳುಮಾಡುತ್ತದೆ, ಅದಕ್ಕೆ ಖಾರ ತಾಗುತ್ತದೆ. ಹಕ್ಕಿಯ ಹೊಟ್ಟೆಯಿಂದ ಬೀಜ ಮೊಳೆಯುವ ಸ್ಥಿತಿಯಲ್ಲಿಯೇ ಹೊರಬೀಳುತ್ತದೆ, ಅದಕ್ಕೆ ಖಾರ ತಾಗುವುದಿಲ್ಲ. ನಮ್ಮ ಹಿತ್ತಲಿನ ಬೇಲಿಯ ಬುಡದಲ್ಲಿ, ಹಕ್ಕಿಗಳು ಕೂರುವ ತಂತಿಯ ನೇರ ಕೆಳಗೆ, ಯಾರೂ ಬಿತ್ತದ ಮೂರು ಮೆಣಸಿನ ಗಿಡಗಳು ಈಗ ಕಾಯಿ ಬಿಟ್ಟಿವೆ.